ಎರಡು ದೋಣಿ ಕಂಡ ದಿನ

ನಾನೊಂದು ದೊಡ್ಡ ದುರ್ಬೀನು. ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುವ ಜಾತಿಯವನಲ್ಲ. ತೂಕ ಎರಡು ಕಿಲೋಗೂ ಮಿಕ್ಕಿದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸದಿದ್ದರೆ ನೋಡುವವರ ಕೈ ನಡುಗುತ್ತದೆ, ಆ ನಡುಕದಲ್ಲಿ ಚಂದ್ರನೂ ನಡುಗುತ್ತಾನೆ.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಕೊನೆಯ ಮೇಜಿನ ಬಳಿ ಒಬ್ಬ ಹೆಂಗಸು ಕೂರುತ್ತಿದ್ದಳು. ದೂರದ ಗೋಡೆಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿತ್ತು. ಮೊದಲ ಸಲ ನನ್ನ ಮೂಲಕ ನೋಡಿದಾಗ ಅವಳಿಗೆ ಎರಡು ದೀಪ ಕಂಡವು. ನನ್ನ ಎರಡು ಕೊಳವೆಗಳ ಒಳಗೂ ಬೆಳಕನ್ನು ತಿರುಗಿಸುವ ಗಾಜಿನ ತುಂಡುಗಳಿವೆ. ಅವು ಕೂದಲೆಳೆಯಷ್ಟು ಜರುಗಿದರೂ ಒಂದು ವಸ್ತು ಎರಡಾಗುತ್ತದೆ. ಅವಳು ಸಣ್ಣ ತಿರುಪುಗಳನ್ನು ಹಿಂದೆ ಮುಂದೆ ತಿರುಗಿಸಿದಳು. ದೀಪಗಳು ಹತ್ತಿರ ಬಂದು ಒಂದಾದವು. ಅವಳು ತಲೆಯಾಡಿಸಿ ನನ್ನನ್ನು ಪೆಟ್ಟಿಗೆಯಲ್ಲಿಟ್ಟಳು. ಅಂದಿನಿಂದ ನನಗೆ ಒಂದೇ ಭಯ, ಬೀಳುವ ಭಯ.

ನನ್ನನ್ನು ಕೊಂಡವರು ಕುಂದಾಪುರದ ಐರಿನ್ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಆ ವರ್ಷ ಆಕಾಶದಲ್ಲಿ ಧೂಮಕೇತು ಬರುವುದಿತ್ತು. ಸಂಜೆ ಏಳಕ್ಕೆ ಶಾಲೆಯ ತಾರಸಿಯಲ್ಲಿ ಮಕ್ಕಳು ಸಾಲು ನಿಲ್ಲುತ್ತಿದ್ದರು. ಧೂಮಕೇತು ಹೋದ ಮೇಲೂ ಸಾಲು ಕರಗಲಿಲ್ಲ. ಗುರುಗ್ರಹದ ಪಕ್ಕದ ನಾಲ್ಕು ಚುಕ್ಕಿ ಕಂಡು ಒಬ್ಬ ಹುಡುಗಿ ಅರ್ಧ ಗಂಟೆ ಜಾಗ ಬಿಟ್ಟು ಕದಲಲಿಲ್ಲ. ಅವಳ ಹೆಸರು ಮುಕಾಂಬು. ಕಡಲ ಕಡೆಯ ಬೆಣಗೋಡಿನಿಂದ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದವಳು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಟೀಚರ ಕಣ್ಣಿಗೆ ಕಾಯಿಲೆ ಬಂತು. ನೋಟದ ಅಂಚು ಕಪ್ಪಾಗುತ್ತ ಬಂದು ನಡುವಿನ ಬಿಲ್ಲೆಯಷ್ಟೇ ಉಳಿಯಿತು. ಒಂದು ಮಧ್ಯಾಹ್ನ ಅವರು ನನ್ನನ್ನು ಬೆಣಗೋಡಿನ ಮೀನುಗಾರರ ಸೊಸೈಟಿಗೆ ಕೊಟ್ಟರು. ಹೊಳೆ ಕಡಲು ಸೇರುವ ಅಳಿವೆಯ ಎದುರಿಗೇ ಸೊಸೈಟಿಯ ಕಚೇರಿ. ಅದರ ಮಹಡಿಯ ಕಿಟಕಿಯಿಂದ ಮೂರು ಕಡೆ ಕಡಲು ಕಾಣುತ್ತದೆ. ಕಾರ್ಯದರ್ಶಿ ಮಹಾಬಲ ಟೀಚರ ಹಳೆಯ ವಿದ್ಯಾರ್ಥಿ. ಮುಕಾಂಬು ಆಗ ಅಲ್ಲಿ ಗುಮಾಸ್ತೆ.

"ಮಾಬ್ಲ, ಇದ್ನ್ ಬೀಳ್ಸ್‌ಬೇಡ," ಎಂದರು ಟೀಚರು. "ಬಿದ್ರೆ ಹೊರಗಿಂದ ಎಂತದೂ ಗೊತ್ತಾತಿಲ್ಲ. ಬಿದ್ದ್ ಮೇಲೆ ಯಾರೂ ಇದ್ರಲ್ಲಿ ಕಾಂಬುಕಾಗ. ನಂಗ್ ಹೇಳಿ, ರಿಪೇರಿ ಮಾಡ್ಸುವ."

"ಆಯ್ತ್ ಟೀಚ್ರೆ, ಬಿದ್ರೆ ಯಾರಿಗೂ ನೋಡೂಕ್ ಬಿಡುದಿಲ್ಲೆ," ಎಂದ ಮಹಾಬಲ.

ಆಕಾಶ ನೋಡುತ್ತಿದ್ದ ನಾನು ಕಡಲು ನೋಡತೊಡಗಿದೆ. ನಕ್ಷತ್ರ ನೋಡುವಾಗ ಯಾರಿಗೂ ಅವಸರವಿರಲಿಲ್ಲ. ಇಲ್ಲಿ ನನ್ನ ಮೂಲಕ ನೋಡುವ ಕಣ್ಣು ಯಾವಾಗಲೂ ಒದ್ದೆ, ಉಸಿರು ಯಾವಾಗಲೂ ಬಿಗಿ. ಆಗ ದೋಣಿಗಳಲ್ಲಿ ವೈರ್‌ಲೆಸ್ ಇರಲಿಲ್ಲ. ಮೊಬೈಲ್ ಇದ್ದವರಿಗೂ ನಡುಗಡಲಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಬೆಳಿಗ್ಗೆ ಹೋದ ದೋಣಿಗಳನ್ನು ಮುಕಾಂಬು ಸಂಜೆ ಒಂದೊಂದಾಗಿ ಎಣಿಸಿ, ದಡದವರಿಗೆ ಕೂಗಿ ಹೇಳುತ್ತಿದ್ದಳು. ಅವಳು ಹೇಳಿದ ಮೇಲೆಯೇ ಕೆಲವು ಮನೆಗಳಲ್ಲಿ ಅಕ್ಕಿ ತೊಳೆಯುತ್ತಿದ್ದರು.

ಆ ದೋಣಿಗಳಲ್ಲಿ ಎರಡು ಒಂದೇ ಅಚ್ಚಿನವು, ಒಂದೇ ನೀಲಿ ಬಣ್ಣದವು. ಗಂಗಾಲಹರಿ ಮುಕಾಂಬುವಿನ ಗಂಡ ಶೀನನದು. ಗಂಗಾಪ್ರಸಾದ ಶೀನನ ತಮ್ಮ ನಾಗಪ್ಪನದು.

ಅದು ಸೆಪ್ಟೆಂಬರ್ ತಿಂಗಳು. ಬೆಳಿಗ್ಗೆ ಕಚೇರಿ ಗುಡಿಸಲೆಂದು ಮಹಾಬಲ ನನ್ನನ್ನು ಸ್ಟ್ಯಾಂಡ್ ಸಮೇತ ಎತ್ತಿ ಪಕ್ಕಕ್ಕಿಡಲು ಹೋದ. ಒಂದು ಕಾಲು ಚಾಪೆಗೆ ಸಿಕ್ಕಿಕೊಂಡಿತು. ನಾನು ಬಿದ್ದೆ. ಸಿಮೆಂಟಿನ ನೆಲ. ಒಳಗೆ ಏನೋ ಟಕ್ಕೆಂದಿತು. ಆ ಸದ್ದು ನನಗೆ ಕೇಳಿಸಿತು, ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಗಾಜು ಒಡೆದಿಲ್ಲವೆಂದು ಬೆರಳಲ್ಲಿ ಮುಟ್ಟಿ ನೋಡಿ, ಅಂಗಿಯ ತುದಿಯಿಂದ ಧೂಳು ಒರೆಸಿ, ಮತ್ತೆ ಕಿಟಕಿಗೆ ನಿಲ್ಲಿಸಿದ. ನಾನು ಮೊದಲಿನ ಹಾಗೆಯೇ ಕಾಣುತ್ತಿದ್ದೆ. ಆದರೆ ನನ್ನೊಳಗೆ ಒಂದು ಕಡಲು ಎರಡಾಗಿ ಹೋಗಿತ್ತು. ಬಾಯಿಲ್ಲದವನಿಗೆ ಅದಕ್ಕಿಂತ ದೊಡ್ಡ ಸಂಕಟ ಯಾವುದೂ ಇಲ್ಲ.

ಮೂರು ಗಂಟೆಗೆ ಪಡುವಣ ಕಪ್ಪಾಯಿತು. ಗಾಳಿ ಎದ್ದಿತು. ದೋಣಿಗಳು ಓಡೋಡಿ ಬಂದವು, ಅವನ್ನು ಎಣಿಸಲು ಬರಿಗಣ್ಣೇ ಸಾಕಾಯಿತು. ನಾಲ್ಕೂವರೆಗೆ ಒಂಬತ್ತು ಬಂದಿದ್ದವು, ಎರಡು ಬಂದಿರಲಿಲ್ಲ. ನೀಲಿಯವು ಎರಡೂ. ಅಳಿವೆಯ ಬಾಯಲ್ಲಿ ಅಲೆಗಳು ಗೋಡೆಯ ಹಾಗೆ ಏಳುತ್ತಿದ್ದವು. ಆರು ಜನ ಗಂಡಸರು ಜೋಡಿ ಎಂಜಿನ್ನಿನ ದೋಣಿಯನ್ನು ನೀರಿಗೆ ನೂಕಿ, ಹುಡುಕಲು ಹೊರಟು ನಿಂತಿದ್ದರು. ಆ ಅಲೆಯನ್ನು ದಾಟುವುದೆಂದರೆ ಇನ್ನೂ ಆರು ಜೀವ ಪಣಕ್ಕಿಟ್ಟ ಹಾಗೆ.

ಮುಕಾಂಬು ಬಾಗಿ ನನಗೆ ಕಣ್ಣು ಹಚ್ಚಿದಳು. ಅವಳ ರೆಪ್ಪೆ ನನ್ನ ಗಾಜಿಗೆ ತಾಗಿ ಪಟಪಟ ಎನ್ನುತ್ತಿತ್ತು. ಮಳೆಯ ಪರದೆಯ ಆಚೆ ಕಡಲಂಚಿನ ಗೆರೆ. ಗೆರೆ ಎರಡಾದರೂ ಒಂದರ ಮೇಲೊಂದು ಕೂತು ಒಂದಾಗಿಯೇ ಕಾಣುತ್ತದೆ. ಅದರ ಕೆಳಗೆ ಒಂದು ನೀಲಿ ದೋಣಿ. ಅದರ ಪಕ್ಕಕ್ಕೆ ಇನ್ನೊಂದು.

"ಕಂಡ್ತ್," ಎಂದಳು ಅವಳು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು, "ಎರಡೂ ಬತ್ತಾ ಇತ್ತ್. ಒಟ್ಟಿಗೇ ಬತ್ತಾ ಇತ್ತ್."

ಕೆಳಗೆ ಯಾರೋ ಕೈಮುಗಿದರು. ಆರು ಜನ ದೋಣಿಯನ್ನು ಮತ್ತೆ ಮರಳಿಗೆ ಎಳೆದರು.

ಮಹಾಬಲ ಮೇಜಿನ ಹಿಂದೆ ನಿಂತಿದ್ದ. ಅವನು ನನ್ನ ಕಡೆ ನೋಡಿದ. ಅವನ ತುಟಿ ಅಲುಗಿತು. ಇನ್ನೇನು ಹೇಳುತ್ತಾನೆ ಎಂದುಕೊಂಡೆ. ಅವನು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದ.

ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ನಾನು ಈಗಲೂ ದಾಟಿಲ್ಲ. ಮುಕಾಂಬು ಕಣ್ಣು ತೆಗೆಯದೆ ನೋಡುತ್ತಲೇ ಇದ್ದಳು. ಮೊದಲು ಅವಳ ಉಸಿರು ಸಲೀಸಾಗಿತ್ತು. ಆಮೇಲೆ ಮತ್ತೆ ಬಿಗಿಯಾಯಿತು.

"ಮಾಬ್ಲಣ್ಣ," ಎಂದಳು ಮೆಲ್ಲಗೆ. "ಎರಡೂ ದೋಣಿ ಒಂದೇ ಸಲ ಮುಳುಗಿ ಒಂದೇ ಸಲ ಏಳ್ತಿತ್ತಲ್ಲ. ಒಂದೇ ಅಲೆ ಎರಡ್ ದೋಣಿಗೆ ಹಾಂಗೆ ಬಪ್ಪುದುಂಟಾ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

ಆ ಕಡೆ ದೋಣಿಯಲ್ಲಿ ನಿಂತ ಒಬ್ಬ ಕೈಯೆತ್ತಿದ. ಪಕ್ಕದ ದೋಣಿಯಲ್ಲೂ ಒಬ್ಬ ಕೈಯೆತ್ತಿದ. ಮುಕಾಂಬು ಎಡಗಣ್ಣು ಮುಚ್ಚಿದಳು. ಒಂದು ದೋಣಿ. ಬಲಗಣ್ಣು ಮುಚ್ಚಿದಳು. ಒಂದೇ ದೋಣಿ. ಅವಳು ಮೆಟ್ಟಿಲಿಳಿದು ಓಡಿದ ರೀತಿಗೆ ಇಡೀ ಮಹಡಿ ಅಲುಗಿತು. "ಒಂದೇ, ಒಂದೇ ದೋಣಿ, ನಾ ಸುಳ್ಳ್ ಹೇಳ್ದೆ," ಎನ್ನುತ್ತ ಅವಳು ಮರಳಿನ ಮೇಲೆ ಓಡುವುದು ಕಿಟಕಿಯಿಂದ ಕಾಣುತ್ತಿತ್ತು.

ಆರು ಜನ ದೋಣಿಯನ್ನು ಮತ್ತೆ ನೀರಿಗೆ ನೂಕಿದರು. ಬಂದದ್ದು ಗಂಗಾಲಹರಿ. ಶೀನ ದಡ ಹತ್ತಲಿಲ್ಲ. ತಮ್ಮನ ದೋಣಿ ಬಂದಿಲ್ಲ ಎಂದು ಕೇಳಿದವನೇ ಹಿಡಿದ ಮೀನನ್ನೆಲ್ಲ ನೀರಿಗೆ ಸುರಿದು, ಹುಡುಕುವ ದೋಣಿಯ ಹಿಂದೆಯೇ ತಿರುಗಿ ಹೊರಟ. ಕತ್ತಲಾಗುವ ಹೊತ್ತಿಗೆ ಅವರಿಗೆ ಗಂಗಾಪ್ರಸಾದ ಸಿಕ್ಕಿತು, ಮಗುಚಿ ಬಿದ್ದು ತೇಲುತ್ತಿತ್ತು. ಅದರ ಬೆನ್ನ ಮೇಲೆ ನಾಲ್ಕು ಜನ ಅಂಟಿಕೊಂಡಿದ್ದರು. ಹೋಗಿದ್ದವರು ಐದು ಜನ.

"ಬಚ್ಚಣ್ಣ ಈಗ್ಳ್‌ವರೆಗೂ ಇದ್ದಿದ್ದ," ಎಂದನಂತೆ ನಾಗಪ್ಪ, ಹಲ್ಲು ಕಟಕಟಿಸುತ್ತ. "ಈಗಷ್ಟೇ ಕೈ ಬಿಟ್ಟ."

ಬಚ್ಚ ಮೊಗವೀರನ ವಯಸ್ಸು ಐವತ್ತೆಂಟು. ಮರುದಿನ ಬೆಳಿಗ್ಗೆ ಕಡಲು ಅವನನ್ನು ತಂದು ದಡಕ್ಕೆ ಬಿಟ್ಟಿತು.

ಊರಿನವರು ಮುಕಾಂಬುವಿಗೆ ಎದುರಲ್ಲಿ ಏನೂ ಅನ್ನಲಿಲ್ಲ. ಬೆನ್ನ ಹಿಂದೆ ಅಂದರು. ಗಂಡ ಬರಬೇಕೆಂಬ ಆಸೆಗೆ ಇಲ್ಲದ ದೋಣಿ ಕಂಡಳು ಎಂದರು. ಅವಳು ಕಚೇರಿಗೆ ಬರುವುದು ಬಿಟ್ಟಳು. ಮಹಾಬಲ ದಿನವೂ ಬಾಗಿಲು ತೆರೆದು ಕೂತು, ನನ್ನ ಮುಚ್ಚಳ ತೆಗೆಯದೆ, ಸಂಜೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ.

ನಾಲ್ಕನೆಯ ದಿನ ಅವನು ನನ್ನನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಹೆಗಲಿಗೇರಿಸಿದ. ಬಚ್ಚನ ಮನೆಯ ಜಗಲಿಯಲ್ಲಿ ಇಳಿಸಿದ. ಬಚ್ಚನ ಹೆಂಡತಿ ಗುಲಾಬಿ ಒಳಗಿಂದ ಬಂದು ಬಾಗಿಲಿಗೊರಗಿ ನಿಂತಳು.

"ಆ ದಿನ ಬೆಳಿಗ್ಗೆ ಇದ್ ನನ್ ಕೈಯಿಂದ ಬಿದ್ದಿತ್ತ್," ಎಂದ ಅವನು. "ಯಾರಿಗೂ ಹೇಳ್ಲಿಲ್ಲ. ಟೀಚರ್ ಬೈತ್ರ್ ಅಂದ್ ಹೆದ್ರಿದೆ. ಆಮೇಲ್ ಮುಕಾಂಬು ಎರಡ್ ಕಂಡ್ತ್ ಅಂದಾಗ್ಳೂ ಬಾಯಿ ಬಿಡ್ಲಿಲ್ಲ."

ಅಂಗಳದಲ್ಲಿ ಒಣಹಾಕಿದ ಬಲೆಯ ಮೇಲೆ ಕಾಗೆ ಕೂತಿತ್ತು. ಗುಲಾಬಿ ಅದನ್ನು ಓಡಿಸಲಿಲ್ಲ.

"ಮುಕಾಂಬು ಹತ್ರ ಹೇಳಿದ್ರ್ಯಾ?" ಎಂದಳು ಕೊನೆಗೆ.

"ಇಲ್ಲೆ."

"ಮೊದ್ಲ್ ಅಲ್ಲಿಗ್ ಹೋಯ್ನಿ. ಆ ಹೆಣ್ಣ್ ನಾಲ್ಕ್ ದಿನದಿಂದ ಊಟ ಮಾಡ್ಲಿಲ್ಲಂಬ್ರ್." ಅವಳು ತಿರುಗಿ ಒಳಗೆ ಹೋಗುತ್ತ ಅಂದಳು, "ನಂಗೆ ನಿಮ್ಮ್ ಮುಖ ಕಾಂಬುಕೆ ಮನಸ್ಸಿಲ್ಲೆ, ಮಾಬ್ಲಣ್ಣ. ಸದ್ಯಕ್ ಬರ್‌ಬ್ಯಾಡಿ."

ಅವನು ಅಲ್ಲಿಂದ ಮುಕಾಂಬುವಿನ ಮನೆಗೆ ಹೋದ, ಆಮೇಲೆ ಸೊಸೈಟಿಯ ಸಭೆಗೆ. ಎಲ್ಲರೆದುರೂ ಅದನ್ನೇ ಹೇಳಿ ಕೆಲಸ ಬಿಟ್ಟ. ತಾನೇ ನನ್ನನ್ನು ಮಂಗಳೂರಿಗೆ ಹೊತ್ತೊಯ್ದು ರಿಪೇರಿ ಮಾಡಿಸಿದ. ಕ್ಯಾಮೆರಾ ರಿಪೇರಿಯ ಮುದುಕನೊಬ್ಬ ದೂರದ ಕಾರ್ಖಾನೆಯ ಚಿಮಣಿಯೊಂದನ್ನು ನೋಡುತ್ತ ನನ್ನ ತಿರುಪುಗಳನ್ನು ಇಡೀ ದಿನ ತಿರುಗಿಸಿದ. ಎರಡು ಚಿಮಣಿ ಒಂದಾದವು. ನನ್ನ ಭಯ ಹೋಗಲಿಲ್ಲ.

ಮುಕಾಂಬು ಲೆಕ್ಕದ ಕೆಲಸಕ್ಕೆ ಮರಳಿದಳು, ಆದರೆ ಕಿಟಕಿಯ ಬಳಿ ಸುಳಿಯಲಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ. ನನ್ನನ್ನು ನಂಬುವುದು ಯಾರಿಗೂ ಬೇಕಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಗುಲಾಬಿ ಬಂದಳು. ಮೀನಿನ ಬುಟ್ಟಿ ಬಾಗಿಲಲ್ಲಿ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಹ್ಯಾಂಗೆ ಕಾಂಬುದ್, ಹೇಳಿಕೊಡ್," ಎಂದಳು ಮುಕಾಂಬುವಿಗೆ. "ಇನ್ಮೇಲೆ ನಾ ಕಾಣ್ತೆ."

ಮುಕಾಂಬು ಎದ್ದು ಬಂದಳು. ಮೊದಲು ಒಂದು ಕಣ್ಣಲ್ಲಿ ನೋಡಬೇಕು, ಆಮೇಲೆ ಇನ್ನೊಂದರಲ್ಲಿ, ಕೊನೆಗೆ ಎರಡರಲ್ಲೂ ಎಂದು ಹೇಳಿಕೊಟ್ಟಳು. ಗುಲಾಬಿ ಹಾಗೆಯೇ ಮಾಡಿದಳು.

ಅದಾಗಿ ಬಹಳ ವರ್ಷವಾಯಿತು. ಈಗ ಪ್ರತಿ ದೋಣಿಯಲ್ಲೂ ವೈರ್‌ಲೆಸ್ ಇದೆ. ನನ್ನ ಎಡಗೊಳವೆಗೆ ಉಪ್ಪುಗಾಳಿಯ ಬೂಸು ಹಿಡಿದು, ಅದರಲ್ಲಿ ಕಡಲು ಹಾಲಿನಂತೆ ಕಾಣುತ್ತದೆ. ಹೊಸ ಕಾರ್ಯದರ್ಶಿ ನನ್ನನ್ನು ಗುಜರಿಗೆ ಹಾಕೋಣವೆಂದು ಎರಡು ಸಲ ಹೇಳಿಯಾಯಿತು. ಗುಲಾಬಿ ಅವನ ಮುಖ ನೋಡಿದಳು. ಅವನು ಆ ಮಾತು ಬಿಟ್ಟ.

ಈ ಹೊತ್ತು ಹದಿನಾಲ್ಕು ದೋಣಿ ಹೋಗಿವೆ. ಮೋಡ ಕವಿದಿದೆ. ಎಲ್ಲವೂ ದಡದ ಕಡೆ ಹೊರಟಿವೆಯೆಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದು ಗಂಟೆಯಾಯಿತು. ಕೆಳಗಿನವರು ಮನೆಗೆ ಹೋಗಿದ್ದಾರೆ. ಎಪ್ಪತ್ತು ದಾಟಿದ ಗುಲಾಬಿ ಸ್ಟೂಲಿನ ಮೇಲೆ ಕೂತು ನನ್ನ ಬಲಗೊಳವೆಗೆ ಕಣ್ಣು ಹಚ್ಚಿದ್ದಾಳೆ. ಹದಿಮೂರು ದೋಣಿ ಅಳಿವೆ ದಾಟಿದವು. ನಾನು ಅಲುಗದೆ ನಿಂತಿದ್ದೇನೆ. ಅವಳ ಉಸಿರು ಬಿಗಿಯಾಗಿದೆ, ನನ್ನದೂ.

"ಅಕಾ, ಅಲ್ಲಿತ್ತ್," ಎಂದಳು ಅವಳು, ಯಾರಿಗೂ ಅಲ್ಲ. "ಹದ್ನಾಲ್ಕ್."

ಆದರೂ ಎದ್ದು ಹೋಗಲಿಲ್ಲ. ಆ ದೋಣಿ ದಡಕ್ಕೆ ಬಂದು, ಅದರಿಂದ ಇಳಿದವರನ್ನು ಒಬ್ಬೊಬ್ಬರಾಗಿ ಬರಿಗಣ್ಣಿನಲ್ಲಿ ಎಣಿಸಿದ ಮೇಲೆಯೇ ನನಗೆ ಮುಚ್ಚಳ ಹಾಕಿದಳು.