ಸೀಮೆಸುಣ್ಣ ತಿನ್ನುವ ಇಲಿ

ಹೊಲಿಗೆ ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಮಾಯವಾಗತೊಡಗಿ ತಿಂಗಳಾಗಿತ್ತು. ಆಪಾದನೆ ಇಲಿಯ ಮೇಲೆ ಬಿತ್ತು. ಅಂತಿಂಥ ಇಲಿಯಲ್ಲ, ಕಟಿಂಗ್ ಮಾಸ್ಟರ್ ಹೇಳುವ ಪ್ರಕಾರ, ಅದನ್ನು ಕಂಡ ಬೆಕ್ಕು ನಮಸ್ಕಾರ ಹಾಕಿ ಪಕ್ಕಕ್ಕೆ ಸರಿದಿತ್ತು.

ಆ ಇಲಿ ಮೂರನೇ ಮಿಷಿನ್ನಿನ ಮುಂದೆ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿತ್ತು. ಅದಕ್ಕೆ ಮದುವೆಯಾಗಿ ಎರಡು ಮಕ್ಕಳಿದ್ದವು.

ಸೀಮೆಸುಣ್ಣ ಕಂಡರೆ ಅವಳ ಬಾಯಲ್ಲಿ ನೀರೂರುತ್ತಿತ್ತು. ಕೂತರೆ ಕಾಲು ಸುಮ್ಮನಿರುತ್ತಿರಲಿಲ್ಲ, ದಾರವಿಲ್ಲದ ಮಿಷಿನ್ನನ್ನೂ ತುಳಿಯುತ್ತಿತ್ತು. ತುಳಿದ ಲೆಕ್ಕಕ್ಕೆ ಅವಳು ಸಮುದ್ರದ ತನಕ ಎರಡು ಸಲ ಹೋಗಿಬಂದಿರಬೇಕು. ಅಂಗಡಿಯ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಮಾತ್ರ ಎದೆ ಡವಡವ.

"ಇವತ್ತು ಎಲ್ಲರ ಚೀಲ ನೋಡ್ತೀನಿ. ಸಿಕ್ಕೋರು ಈಗಿಂದೀಗ್ಲೇ ಮನೆಗೆ," ಎಂದ ಮಾಸ್ಟರ್, ಒಂದು ಬೆಳಿಗ್ಗೆ.

ಈ ಕೆಲಸ ಹೋದರೆ ಒಲೆ ಹೊತ್ತುವುದಿಲ್ಲ. ಅವಳು ಚಡಪಡಿಸಿದಳು. ಚೀಲದಲ್ಲಿದ್ದ ನಾಲ್ಕು ತುಂಡನ್ನೂ ಸಾಕ್ಷಿ ಉಳಿಯದಂತೆ ತಿಂದು ಮುಗಿಸಿ ದಡಕ್ಕನೆ ಎದ್ದಳು. ಅಷ್ಟೇ ದಡಕ್ಕನೆ ಬಿದ್ದಳು.

ಪಕ್ಕದ ಮಿಷಿನ್ನಿನಲ್ಲೇ ಹೊಲಿಯುತ್ತಿದ್ದ ಅವಳ ಓರಗಿತ್ತಿಯೂ ಮಾಸ್ಟರೂ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ಡಾಕ್ಟರಮ್ಮ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಿರಬೇಕಾದಲ್ಲಿ ಬರೀ ಬಿಳಿ. ಉಗುರುಗಳು ಚಮಚದಂತೆ ಹಳ್ಳಬಿದ್ದಿದ್ದವು. ರಕ್ತ ತೆಗೆಸಿದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರೂವರೆ.

"ತಿನ್ಬಾರದ್ದು ತಿನ್ಬೇಕು ಅನ್ಸುತ್ತೇನಮ್ಮ? ಮಣ್ಣು, ಐಸು, ಸೀಮೆಸುಣ್ಣ?"

ಮಾಸ್ಟರ್ ಬಾಗಿಲಲ್ಲೇ ನಿಂತಿದ್ದ. ಅವಳ ಕಾಲು ಮಂಚದ ಮೇಲೂ ತುಳಿಯತೊಡಗಿತು.

"ನಮ್ಮಕ್ಕ ಅಂಥೋಳಲ್ಲ ಡಾಕ್ಟ್ರೇ!" ಎಂದಳು ಓರಗಿತ್ತಿ.

"ಸುಮ್ನಿರೇ. ತಿಂತೀನಿ ಡಾಕ್ಟ್ರೇ. ಬಿಳಿದು ಚೆನ್ನಾಗಿರುತ್ತೆ. ನೀಲಿದು ಅಷ್ಟಕ್ಕಷ್ಟೇ."

ಮಾಸ್ಟರ್ ಬಾಯಿ ತೆರೆದ. ಡಾಕ್ಟರಮ್ಮ ಕೈಯೆತ್ತಿ ತಡೆದರು. "ಇದು ಕಬ್ಬಿಣದ ಕೊರತೆ ಕಣಪ್ಪ. ಕೆಲವರಿಗೆ ಇಂಥ ಆಸೆ ಹುಟ್ಟುತ್ತೆ, ಕಾಲೂ ನಿಲ್ಲಲ್ಲ. ಆದ್ರೆ ಕಬ್ಬಿಣ ಎಲ್ಲಿ ಸೋರ್ತಿದೆ? ಮುಟ್ಟು ಎಷ್ಟು ದಿನ ಇರುತ್ತಮ್ಮ?"

"ಹತ್ತು... ಹನ್ನೆರಡು. ಎಲ್ಲರಿಗೂ ಹಂಗೇ ಅಲ್ವಾ?"

"ಅಲ್ಲ!" ಓರಗಿತ್ತಿ ಕಿರುಚಿದಳು. "ಒಂದೇ ಮನೇಲಿದೀವಲ್ಲ ಅಕ್ಕಾ, ಒಂದ್ಸಲ ಬಾಯಿ ಬಿಡ್ಬಾರ್ದಿತ್ತಾ?"

"ಬರೀ ಮಾತ್ರೆ ನುಂಗಿದ್ರೆ ತೂತು ಕೊಡಕ್ಕೆ ನೀರು ಹುಯ್ದಂಗೆ," ಎಂದರು ಡಾಕ್ಟರಮ್ಮ. "ಸೋಮವಾರ ಸ್ಕ್ಯಾನ್ ಮಾಡ್ಸೋಣ. ಮಾತ್ರೆ ತಿಂಗಳುಗಟ್ಟಲೆ ತಗೋಬೇಕು, ಅದರ ಜೊತೆ ಟೀ ಬೇಡ."

ಅವಳು ಮಾಸ್ಟರನ ಮುಖ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ಸೋಮವಾರ ರಜ ತಗೋ. ಮಂಗಳವಾರ ಬಾ." ಆಮೇಲೆ ಡಾಕ್ಟರಮ್ಮನ ಹತ್ತಿರ ಸರಿದು ದನಿ ತಗ್ಗಿಸಿದ. "ನಮ್ಮನೆಯೋಳು ದಿನಾ ಹಸಿ ಅಕ್ಕಿ ತಿಂತಾಳೆ. ಸಂಜೆ ಎಷ್ಟೊತ್ತಿನ ತನಕ ಇರ್ತೀರಾ ಡಾಕ್ಟ್ರೇ?"