ಹನ್ನೊಂದು ಗಂಟೆಯ ಜ್ವರ

ಏಳು ಗಂಟೆಗೆ ಒಂದು ಮುಚ್ಚಳ ಕೆಂಪು ಸಿರಪ್. ಏಳೂವರೆಗೆ ಮೊಮ್ಮಗಳು ಆಮ್ನಾಳ ಹಣೆ ತಣ್ಣಗೆ. ಎಂಟಕ್ಕೆ ಶಾಲೆಯ ವ್ಯಾನ್. ಬಜಪೆಯ ಖೈರುನ್ನಿಸಾ ಮೂರು ದಿನದಿಂದ ಮಾಡಿದ್ದು ಇದನ್ನೇ.

ಜ್ವರದ ಮಗುವನ್ನು ಶಾಲೆಗೆ ಅಟ್ಟಬಾರ್ದು ಅಂತ ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಮನೆಯಲ್ಲಿ ಮಗಳು ರಿಝ್ವಾನಾ, ಆಮ್ನಾಳ ತಾಯಿ, ಎಂಟು ತಿಂಗಳ ಬಸುರಿ. ಹಿಂದಿನ ತಿಂಗಳು ಪಕ್ಕದ ಮನೆಯ ಬಸುರಿಗೆ ಫ್ಲೂ ಬಂದು, ಉಸಿರಾಡ್ಲಿಕ್ಕಾಗದೆ ಐಸಿಯುನಲ್ಲಿ ಮಲಗಿ, ಹೇಗೋ ಬದುಕಿ ಬಂದಿದ್ದಳು. ಹಗಲು ಹೊತ್ತಾದರೂ ಜ್ವರ ಮನೆಯಿಂದ ಹೊರಗೆ ಇರ್ಲಿ, ಅಷ್ಟೇ ಅವರ ಲೆಕ್ಕ.

ಎರಡು ದಿನ ಶಾಲೆಯಿಂದ ಫೋನ್ ಬಂದಾಗ ಎತ್ತಲಿಲ್ಲ. ಮೂರನೇ ದಿನ ಬಿಡದೆ ಬಡಿದುಕೊಂಡಿತು, ಎತ್ತಲೇಬೇಕಾಯಿತು. ಗಂಟೆ ಹನ್ನೊಂದು.

ರಿಕ್ಷಾ ಹಿಡಿದು ಹೋದರೆ, ಆಮ್ನಾ ಆಫೀಸಿನ ಕಿಟಕಿ ಹತ್ತಿರ ಮಾಸ್ಕ್ ಹಾಕಿ ಮುದುಡಿ ಕೂತಿದ್ದಾಳೆ. ಮೈ ಕಾದ ಕಾವಲಿ. ಮೇಜಿನ ಹಿಂದೆ ಕ್ಲಾಸ್ ಟೀಚರ್ ಕ್ಯಾರಲ್.

“ಬೆಳಿಗ್ಗೆ ಎಂತದ್ದೂ ಇರ್ಲಿಲ್ಲ ಟೀಚರ್. ತಣ್ಣಗಿದ್ದಳು.”

“ಮೂರು ದಿನವೂ ಸರಿಯಾಗಿ ಹನ್ನೊಂದಕ್ಕೇ ಬಿಸಿ ಆಗ್ತದೆ ಅಮ್ಮ. ಜ್ವರಕ್ಕೆ ಗಡಿಯಾರ ನೋಡ್ಲಿಕ್ಕೆ ಬರ್ತದಾ?”

ಮಾಸ್ಕಿನೊಳಗಿಂದ ಆಮ್ನಾ ಹೇಳಿದಳು, “ಕೆಂಪು ಸಿರಪ್ ಕುಡಿದದ್ದು. ಶಾಲೆಯಲ್ಲಿ ಹೇಳ್ಬಾರ್ದಂತೆ.”

ಖೈರುನ್ನಿಸಾ ಮೊಮ್ಮಗಳನ್ನು ನುಂಗುವ ಹಾಗೆ ನೋಡಿದರು.

“ಸಿರಪ್ ಕಾವನ್ನು ಸ್ವಲ್ಪ ಹೊತ್ತು ಅಡಗಿಸ್ತದೆ ಅಷ್ಟೆ. ಫ್ಲೂ ಒಳಗೇ ಉಂಟು. ಕೆಮ್ಮಿದರೆ, ಸೀನಿದರೆ ಪಕ್ಕದವರಿಗೆ ಹೋಗ್ತದೆ. ಇವಳ ಬೆಂಚಿನ ಇಬ್ಬರೂ ಇವತ್ತು ಬರ್ಲಿಲ್ಲ.”

“ನಿಮಗೆ ಹೇಳ್ಲಿಕ್ಕೆ ಸುಲಭ. ನನ್ನ ಮಗಳು ಬಸುರಿ. ಅವಳಿಗೆ ತಾಗಿದರೆ ನೀವು ಬರ್ತೀರಾ?”

“ಸಂಜೆ ಮನೆಗೆ ಹೋಗಿ ಇವಳು ಯಾರ ಮಡಿಲಲ್ಲಿ ಕೂತ್ಕೊಳ್ಳುದು?”

ಮಡಿಲಲ್ಲಿ ನಿನಗಿನ್ನು ಜಾಗ ಇಲ್ಲ ಅಂತ ರಿಝ್ವಾನಾ ಮಗಳನ್ನು ಅಪ್ಪಿ ನಗಾಡಿದ್ದು ನಿನ್ನೆಯೇ.

ಥರ್ಮಾಮೀಟರ್ ತೊಳೀಲಿಕ್ಕೆ ಟೀಚರ್ ಎದ್ದರು. ಮೇಜು ಹಿಡಿದು, ನಿಧಾನಕ್ಕೆ. ಆಗ ಕಂಡಿತು ಹೊಟ್ಟೆ.

“ನಿಮಗೆ ಎಷ್ಟು ತಿಂಗಳು?”

“ಏಳು.”

ಮೂರು ದಿನ ಶಾಲೆಯಲ್ಲಿ ಆಮ್ನಾಳ ಹಣೆ ಮುಟ್ಟಿದ್ದು ಟೀಚರ ಇದೇ ಕೈ. ಮೂಗು ಒರೆಸಿದ್ದು ಇದೇ ಕೈ. ಖೈರುನ್ನಿಸಾ ಆಮ್ನಾಳನ್ನು ತನ್ನ ಕಡೆಗೆ ಎಳೆದುಕೊಂಡರು.

“ಈಗ ಎಂತ ಮಾಡುದು ಟೀಚರ್?”

“ತಾಯಿ ಮಗಳು ಇಬ್ಬರನ್ನೂ ಇವತ್ತೇ ಡಾಕ್ಟರಿಗೆ ತೋರಿಸಿ. ನಾನೂ ಹೋಗ್ತೇನೆ. ಇವಳಿಗೆ ಬೇರೆ ಕೋಣೆ, ಕಿಟಕಿ ತೆರೆದೇ ಇರ್ಲಿ. ನೋಡಿಕೊಳ್ಳುದು ನೀವೊಬ್ಬರೇ. ಮಾಸ್ಕ್ ಹಾಕಿ, ಸೋಪಿನಲ್ಲಿ ಕೈ ತೊಳೀರಿ. ಸಿರಪ್ ಕೊಡದೆ ಇಡೀ ಒಂದು ದಿನ ಜ್ವರ ಬಾರದಿದ್ದರೆ ಮಾತ್ರ ಶಾಲೆ.”

ಸಂಜೆಗೇ ರಿಝ್ವಾನಾಳ ಗಂಟಲು ಕೆರೆಯಿತು. ಕಾಯದೆ ಕರ್ಕೊಂಡು ಹೋದದ್ದಕ್ಕೆ ಡಾಕ್ಟರು ಕೂಡಲೇ ಮದ್ದು ಸುರು ಮಾಡಿದರು. ಐದು ದಿನ ಖೈರುನ್ನಿಸಾ ಮಗಳ ಉಸಿರು ನೋಡಿಕೊಂಡೇ ಕೂತರು. ಆರನೇ ದಿನ ಅವಳು ಹಸಿವಾಗ್ತದೆ ಅಂತ ಮೀನಿನ ಪುಳಿಮುಂಚಿ ಸಾರು ಕೇಳಿದಳು.

ಅಷ್ಟೂ ದಿನ, ಹನ್ನೊಂದಕ್ಕೆ ಸರಿಯಾಗಿ, ಅವರೇ ಟೀಚರಿಗೆ ಫೋನ್ ಮಾಡಿದರು.

“ಟೀಚರ್, ನಿಮ್ಮ ಮೈ ಬಿಸಿ ಉಂಟಾ?”

“ಇಲ್ಲ ಅಮ್ಮ.”

“ಸಿರಪ್ ಕುಡಿದು ಹೇಳುದಲ್ಲ ಅಲ್ವಾ?”

ನಿಮಗೂ ಹೇಳುದು ಇಷ್ಟೇ ಮಾರಾಯ್ರೆ. ಸಿರಪ್ ಕೊಡಿ, ಡಾಕ್ಟರು ಹೇಳಿದಷ್ಟು ಕೊಡಿ. ಕೊಟ್ಟು ಮಲಗಿಸಿ, ವ್ಯಾನಿಗೆ ಹತ್ತಿಸಬೇಡಿ. ಶಾಲೆಯ ಫೋನ್ ಬಂದರೆ ಎತ್ತಿ. ಬಸುರಿಯರೂ ತಕ್ಕೊಳ್ಳುವ ಫ್ಲೂ ಇಂಜೆಕ್ಷನ್ ಉಂಟು, ಡಾಕ್ಟರಲ್ಲಿ ಕೇಳಿ. ನಾಳೆ ಏಳು ಗಂಟೆಗೆ ಮುಚ್ಚಳ ಕೈಯಲ್ಲಿ ಹಿಡಿದಾಗ ಹನ್ನೊಂದು ಗಂಟೆಯ ನೆನಪಿರ್ಲಿ. ಆಗ ಶಾಲೆಯಲ್ಲಿ ನಿಮ್ಮ ಮಗುವಿನ ಹಣೆ ಮುಟ್ಟುವ ಕೈಯೂ ಯಾರದ್ದೋ ಮಗಳದ್ದೇ.