ಮನೆಯಲ್ಲಿದ್ದರೆ ಒಂದು ಒತ್ತಿರಿ

"ಎಮ್ಮಿ ಯಾಕ ಗಣಿತದ ಕ್ಲಾಸಿಗಿ ಹೋಗಬೇಕು?"

ಪ್ರಮಿಲಾ ಈ ಪ್ರಶ್ನೆಯನ್ನು ಯಾರನ್ನೂ ಕೇಳಿರಲಿಲ್ಲ. ಬೀದರಿನ ಹಿಟ್ಟಿನ ಗಿರಣಿಯ ಮೇಲಿನ ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಂದು ಕಂಪ್ಯೂಟರು, ಒಂದು ಖಾಲಿ ಕೊಡ, ಮತ್ತೆ ಗೋಡೆಯ ಮೇಲಿನ ಪಟದಲ್ಲಿ ವಿಠ್ಠಲ. ವಿಠ್ಠಲ ಸೊಂಟದ ಮೇಲೆ ಕೈಯಿಟ್ಟುಕೊಂಡು, ಇದರಲ್ಲಿ ನನ್ನನ್ನು ಎಳೀಬೇಡ ಎಂಬಂತೆ ನಿಂತಿದ್ದ.

ಖಟಕ ಚಿಂಚೋಳಿಯ ಮೇವಿನ ಶಿಬಿರದಿಂದ ಗೋವಿಂದ ಎಂಬ ರೈತ ತನಗೆ ಬಂದ ಸಂದೇಶವನ್ನು ಅವಳಿಗೇ ತಿರುಗಿ ಕಳಿಸಿದ್ದ. 'ಪಾಲಕರೇ, ನಿಮ್ಮ ಮಗಳು ಗೌರಿ ಇಂದು ಗಣಿತದ ತರಗತಿಗೆ ಗೈರುಹಾಜರು.' ಅದರ ಕೆಳಗೆ ಅವನದೇ ಒಂದು ಸಾಲು: 'ಮೇಡಂ, ಗೌರಿ ಇಲ್ಲೇ ಅದಾಳ್ರಿ, ಜ್ವಾಳದ ಕಣಕಿ ತಿನ್ಲಿಕತ್ಯಾಳ. ಗಣಿತದಾಗ ಅವರವ್ವನೂ ವೀಕ್ ಇದ್ದಳು.'

ತಪ್ಪು ಎಲ್ಲಾಯಿತೆಂದು ಪ್ರಮಿಲಾಳಿಗೆ ತಕ್ಷಣ ತಿಳಿಯಿತು. ಭಾಲ್ಕಿಯ ಶಿವರಾಜ ಸರ್ ಅವರ ಟ್ಯೂಷನ್ನಿಗೆ ಹಾಜರಿ ಹಿಡಿಯುವ ಪ್ರೋಗ್ರಾಂ ಬರೆದುಕೊಟ್ಟವಳು ಅವಳೇ. ಬರ ಬಿದ್ದು ಶಿಬಿರ ಶುರುವಾದಾಗ, ದನಗಳಿಗೂ ಮುಂಜಾನೆ ಸಂಜೆ ಹಾಜರಿ ಬೇಕೆಂದರು. ಹುಡುಗರ ಜಾಗದಲ್ಲಿ ದನ ಕಟ್ಟಿ ಕೊಟ್ಟಿದ್ದಳು. ಗಣಿತವನ್ನು ಬಿಚ್ಚಲು ಮರೆತಿದ್ದಳು.

ಅವಳ ಕಸಬೇ ಹಾಗೆ. ಅವಳ ದೊಡ್ಡವ್ವ ಸುಭದ್ರಾಬಾಯಿ ಹಳೆಯ ಸೀರೆಗಳನ್ನು ತುಂಡು ಮಾಡಿ ಕೌದಿ ಹೊಲಿಯುವಂತೆ, ಇವಳು ಒಬ್ಬರ ಪ್ರೋಗ್ರಾಂ ಹರಿದು ಇನ್ನೊಬ್ಬರಿಗೆ ಹೊಲಿಯುತ್ತಿದ್ದಳು. ಯಾರ ಕೆಲಸಕ್ಕೆ ಕೋಡ್ ಬರೆದರೆ ಆ ಕೆಲಸದವಳೇ ಆಗಿಬಿಡಬೇಕು. ಡಾಕ್ಟರ್ ವಹೀದಾ ಅವರ ಹಲ್ಲಿನ ದವಾಖಾನೆಗೆ ಬರೆದಾಗ ದವಡೆಯ ಹಲ್ಲುಗಳ ಹೆಸರು ಬಾಯಿಪಾಠ ಮಾಡಿದ್ದಳು. ಶಿಬಿರಕ್ಕೆ ಬರೆದಾಗ ಕಾಲುಬಾಯಿ ರೋಗದ ಬಗ್ಗೆ ಮಾತಾಡಿ ಊಟದ ಹೊತ್ತಿನಲ್ಲಿ ಗಂಡನನ್ನು ಎಬ್ಬಿಸಿ ಕಳಿಸಿದ್ದಳು. ಹೀಗಾಗಿ ಬೀದರಿನಲ್ಲಿ ಅವಳು ಹಲ್ಲಿನ ಪ್ರಮಿಲಾ, ಖಟಕ ಚಿಂಚೋಳಿಯಲ್ಲಿ ಎಮ್ಮೆ ಪ್ರಮಿಲಾ, ಔರಾದಿನಲ್ಲಿ ಟ್ಯಾಂಕರ್ ಪ್ರಮಿಲಾ. ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಒಬ್ಬ ಅಜ್ಜ ಬಾಯಿ ತೆರೆದು ನೋಯುವ ಹಲ್ಲನ್ನು ತೋರಿಸಿದ್ದ. "ನಾ ಡಾಕ್ಟರ್ ಅಲ್ರಿ ಕಾಕಾ, ಕೋಡ್ ಬರೀತೇನಿ" ಎಂದರೆ, "ಅದೇನರೆ ಬರದ ಕೊಡವಾ, ದಿನಾ ಎಷ್ಟ ಸಲ ತಗೋಬೇಕು ಹೇಳು" ಎಂದಿದ್ದ.

ಗಣಿತವನ್ನು ಅಳಿಸುತ್ತಿದ್ದಾಗಲೇ ಫೋನು ಬಂತು. ಸಂತಪುರದಿಂದ, ದೊಡ್ಡವ್ವ.

"ಪಮ್ಮೀ, ನಮ್ಮ ಓಣಿ ಮ್ಯಾಲ ನಿಂದೇನ ಸಿಟ್ಟ ಅದ?"

"ಯಾಕ ದೊಡ್ಡವ್ವಾ?"

"ಟ್ಯಾಂಕರ್ ಮುಂದಿನ ಓಣಿಗಿ ಬರ್ತದ, ಹಿಂದಿನ ಓಣಿಗಿ ಬರ್ತದ, ನಮ್ಮ ಓಣಿ ತುದೀಗಿ ಬಂದು ಹಾರ್ನ್ ಹೊಡದು ಹೊಳ್ಳಿ ಹೋಗ್ತದ. ಎರಡ ಪಾಳಿ ಆಯ್ತು. ಡ್ರೈವರಗ ಕೇಳಿದ್ರ ಪ್ರಮಿಲಾ ಮೇಡಂ ಮಿಷನ್ ಬ್ಯಾಡ ಅಂದದ ಅಂತಾನ."

ಔರಾದಿನ ಭಜನಾ ಮಂಡಳಿಯವರು ಆ ವರ್ಷ ಏಳು ದಿನಗಳ ಭಜನಾ ಸಪ್ತಾಹದ ಅಡುಗೆಯನ್ನು ಕೈಬಿಟ್ಟು, ನೀರೇ ಪ್ರಸಾದ ಎಂದು ಸಂತಪುರಕ್ಕೂ ಸುತ್ತಲಿನ ಊರುಗಳಿಗೂ ಟ್ಯಾಂಕರ್ ಇಳಿಸಿದ್ದರು. ಯಾವ ಓಣಿಗೆ ಯಾವಾಗ ಎಂಬುದಕ್ಕೆ ಪ್ರೋಗ್ರಾಂ ಬರೆದವಳು ಪ್ರಮಿಲಾ. ಅವಳು ಕಂಪ್ಯೂಟರಿನಲ್ಲಿ ದೊಡ್ಡವ್ವನ ಓಣಿಯನ್ನು ತೆರೆದು ನೋಡಿದಳು. ಓಣಿಯ ತುಂಬ ಕೆಂಪು.

"ದೊಡ್ಡವ್ವಾ, ಇಲ್ಲಿ ನೀವ್ಯಾರೂ ಮನ್ಯಾಗ ಇಲ್ಲ ಅಂತ ಅದ. ಎಲ್ಲಾರೂ ಊರ ಬಿಟ್ಟು ಹೋಗೀರಿ."

ದೊಡ್ಡವ್ವ ಮೆಲ್ಲಗೆ ಕೇಳಿದಳು: "ಹಂಗಾರ ನಿನ್ನ ಕೂಡ ಮಾತಾಡ್ಲಿಕತ್ತಾಕಿ ಯಾರಬೇ, ನನ್ನ ದೆವ್ವೇನು?"

"ಹಂಗಲ್ಲ ದೊಡ್ಡವ್ವಾ..."

"ಕೇಳಿಲ್ಲಿ. ನಾಳಿ ನಮ್ಮ ಪಾಳಿ ಅದ. ನಾಳಿನೂ ನೀರ ಬರಲಿಲ್ಲ ಅಂದ್ರ ನಾವು ಹೆಣ್ಮಕ್ಕಳೆಲ್ಲಾ ಕೀಲಿ ಜಡದು ಹೈದ್ರಾಬಾದಿಗಿ ಹೋಗತೇವಿ. ಶಾಲುಬಾಯಿ ಗಂಟ ಕಟ್ಯಾಳ. ಆವಾಗ ನಿನ್ನ ಮಿಷನ್ ಮಾತು ಖರೇ ಆಗ್ತದ, ಖುಷಿ ಪಡು."

ಪ್ರಮಿಲಾ ಆ ಓಣಿಯಲ್ಲಿ ಬೆಳೆದವಳು. ಬೀಸುಕಲ್ಲಿನ ಸದ್ದಿನ ಮೇಲೆ ದೊಡ್ಡವ್ವ ಹಾಡುತ್ತಿದ್ದ ಪದಗಳನ್ನು ಕೇಳಿಕೊಂಡೇ ಮಾತು ಕಲಿತವಳು. ಆ ಮನೆಗೆ ಕೀಲಿ ಬಿದ್ದರೆ, ಬೀಳಿಸಿದವಳು ತಾನೇ ಆಗುತ್ತಿದ್ದಳು. ಮರುದಿನ ಮೊದಲ ಬಸ್ಸು ಹತ್ತಿದಳು.

ಸಂತಪುರದಲ್ಲಿ ಇಳಿದಾಗ ಓಣಿಯ ಕಟ್ಟೆಯ ಮುಂದೆ ಕೊಡಗಳ ಸಾಲು ಆಗಲೇ ನಿಂತಿತ್ತು. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಶಾಲುಬಾಯಿ, ಕಾವೇರಿಬಾಯಿ, ಇನ್ನಷ್ಟು ಹೆಂಗಸರು.

"ಬಂದಳ ನೋಡ್ರಿ, ನಮ್ಮನ್ನ ಊರ ಬಿಡಿಸಿದಾಕಿ" ಎಂದಳು ಶಾಲುಬಾಯಿ.

"ಮಂದಿ ಹಲ್ಲ ಕೀಳ್ತಾಳಂತ" ಎಂದಳು ಕಾವೇರಿಬಾಯಿ ತನ್ನ ಬಾಯಿಗೆ ಸೆರಗು ಅಡ್ಡ ಹಿಡಿದು.

"ನಾ ಕೀಳಂಗಿಲ್ಲ ಕಾವೇರಕ್ಕಾ, ಯಾರ ಪಾಳಿ ಯಾವಾಗ ಅಂತ ಬರೀತೇನಿ."

"ಒಟ್ಟು ಕೀಳಸ್ತೀ."

ಆಗ ಪ್ರಮಿಲಾ ಕೇಳಿದಳು: "ನಿಮಗ ಮಂಡಳಿಯಿಂದ ಮೆಸೇಜ್ ಬರ್ತದಲಾ? ಮನೆಯಲ್ಲಿದ್ದರೆ ಒಂದು ಒತ್ತಿರಿ, ಇಲ್ಲದಿದ್ದರೆ ಎರಡು ಅಂತ. ಎಲ್ಲಾರೂ ಎರಡ ಯಾಕ ಒತ್ತೀರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಎಲ್ಲಿ ಒತ್ತಬೇಕು?" ಎಂದಳು ಶಾಲುಬಾಯಿ. "ಫೋನ್ ಎಲ್ಲಿ ಅದ? ಅದು ಗಂಡಸರ ಕಿಸೇದಾಗ ಹೈದ್ರಾಬಾದಿಗಿ ಹೋಗ್ಯದ. ಇಡೀ ಓಣಿಗಿ ಇರೋದು ಇದೊಂದೇ, ಸುಭದ್ರಾಬಾಯಿ ಮಗ ಪಂಢರಿ ಬಿಟ್ಟು ಹೋಗಿದ್ದು." ದೊಡ್ಡವ್ವನ ಮಡಿಲಲ್ಲಿದ್ದ, ದಾರ ಸುತ್ತಿದ ಬಟನ್ ಫೋನನ್ನು ತೋರಿಸಿದಳು.

ಪ್ರಮಿಲಾ ಹಣೆಗೆ ಕೈ ಹಚ್ಚಿದಳು. ಮಂಡಳಿಯವರು ಮನೆಗೊಂದು ನಂಬರ ಎಂದು ಬರೆಸಿಕೊಂಡದ್ದು ಮನೆಯ ಯಜಮಾನನದು. ಯಜಮಾನರೆಲ್ಲ ಹೈದರಾಬಾದಿನಲ್ಲಿ ಕಟ್ಟಡಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದಲ್ಲಿದ್ದರು. ಅಲ್ಲಿ, ಎಷ್ಟನೆಯದೋ ಅಂತಸ್ತಿನ ಹಲಗೆಯ ಮೇಲೆ ನಿಂತವನ ಕಿಸೆಯಲ್ಲಿ ಫೋನು ಕುಣಿಯುತ್ತದೆ: ನೀವು ಮನೆಯಲ್ಲಿದ್ದೀರಾ? ಅವನು ಸುತ್ತ ನೋಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಒತ್ತುತ್ತಾನೆ. ಹಲ್ಲಿನ ದವಾಖಾನೆಯಲ್ಲಿ ಇದು ಚೆನ್ನಾಗಿ ನಡೆದಿತ್ತು. ಬರಲಾಗದವನ ಪಾಳಿ ಮುಂದಿನವನಿಗೆ ಹೋಗಲಿ ಎಂದು ಬರೆದದ್ದನ್ನೇ ಅವಳು ಟ್ಯಾಂಕರಿಗೆ ತಂದು ಹೊಲಿದಿದ್ದಳು. ನೋಯುವ ಹಲ್ಲು ಯಾವಾಗಲೂ ಫೋನಿನ ಜೊತೆಗೇ ಇರುತ್ತದೆ. ಮನೆ ಇರುವುದಿಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ.

"ಇನ್ನೊಂದು ಕೇಳತೇನಿ" ಎಂದಳು ಕಾವೇರಿಬಾಯಿ. "ಮುಂದಿನ ಓಣ್ಯಾಗ ಟ್ಯಾಂಕರ್ ಬಂದ ಮ್ಯಾಲ ಎರಡ ತಾಸು ರೊಟ್ಟಿ ತಿನ್ನಂಗಿಲ್ಲಂತ ಮೆಸೇಜ್ ಬರ್ತದಂತ. ನೀರಾಗ ಔಷಧ ಹಾಕ್ಯಾರೇನು? ಹುಡುಗರು ಹಸದು ಅಳ್ತಾವ."

ಪ್ರಮಿಲಾ ಕಣ್ಣು ಮುಚ್ಚಿಕೊಂಡಳು. 'ನಂತರ ಎರಡು ಗಂಟೆ ಗಟ್ಟಿ ಪದಾರ್ಥ ತಿನ್ನಬೇಡಿ.' ಡಾಕ್ಟರ್ ವಹೀದಾ ಅವರ ಸಾಲು. ಅದೂ ಜೊತೆಗೇ ಬಂದಿತ್ತು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಡ್ರೈವರ್ ಅಮೀರ ಪಾಶಾ ಟ್ಯಾಂಕರಿನ ಕಿಟಕಿಯಿಂದ ತಲೆ ಹೊರಹಾಕಿ, ಬಲಗೈಯ ಫೋನನ್ನು ನೋಡಿ, ಎಡಗೈಯಿಂದ ಗೇರ್ ಹಿಂದಕ್ಕೆ ಹಾಕುತ್ತಿದ್ದ. ಪ್ರಮಿಲಾ ಓಡಿಹೋಗಿ ಅಡ್ಡ ನಿಂತಳು.

"ಪಾಶಾ ಭಾಯಿ, ನಿಲ್ಲಸ್ರಿ! ಇಲ್ಲೇ ಪೈಪ್ ಬಿಡ್ರಿ."

"ಸಲಾಂ ಮೇಡಂ. ಓಣಿ ಲಾಲ್ ಅದರಿ, ಕೆಂಪ."

"ಅದು ತಪ್ಪ ಅದ. ನಾನೇ ಹೇಳ್ತೇನಿ, ಬಿಡ್ರಿ."

ಅಮೀರ ಪಾಶಾ ಇಂಜಿನ್ ಆರಿಸಿ, ಇಳಿದು, ಕೈ ಕಟ್ಟಿಕೊಂಡು ನಿಂತ. "ಮೇಡಂ, ಮೊದಲಿನ ದಿವಸ ನೀವ್ ನನಗೇನ ಹೇಳಿದ್ರಿ? ಗೌಡ್ರು ಹೇಳಿದ್ರೂ ಕೇಳಬ್ಯಾಡ, ಮಂಡಳಿ ದತ್ತಾತ್ರಿ ಕಾಕಾ ಹೇಳಿದ್ರೂ ಕೇಳಬ್ಯಾಡ, ಖುದ್ದ ನಾ ಬಂದು ಹೇಳಿದ್ರೂ ಕೇಳಬ್ಯಾಡ. ಹಸರ ಇದ್ದಲ್ಲಿ ಪೈಪ್ ಬಿಡು. ಹೇಳಿದ್ರೋ ಇಲ್ಲೋ?"

"ಹೇಳಿದ್ದೆ."

"ಹಂಗಾರ ಕೇಳಂಗಿಲ್ಲ."

ಅವನಲ್ಲಿ ಹಟವಿರಲಿಲ್ಲ. ಮೊದಲೆಲ್ಲ ಯಾರ ಕಂಠ ದೊಡ್ಡದೋ ಅವರ ಬಾಗಿಲಿಗೆ ಟ್ಯಾಂಕರ್ ನಿಲ್ಲಿಸಬೇಕಾಗಿತ್ತು, ಉಳಿದವರಿಂದ ಬೈಸಿಕೊಳ್ಳಬೇಕಾಗಿತ್ತು. ಈ ಹಸಿರು ಬಂದಾಗಿನಿಂದ ಅವನಿಗೆ ರಾತ್ರಿ ನಿದ್ದೆ ಬರುತ್ತಿತ್ತು. ಅದನ್ನು ಬರೆದವಳು ಹೇಳಿದಳೆಂದು ಕೆಡಿಸಿಕೊಳ್ಳಲು ಅವನು ಸಿದ್ಧನಿರಲಿಲ್ಲ.

"ನಾ ಒಂದು ಚಹಾ ಕುಡೀತೇನಿ" ಎಂದ. "ಅಷ್ಟರಾಗ ಹಸರಾದ್ರ ನನ್ನ ತಕರಾರಿಲ್ಲ."

ಕಂಪ್ಯೂಟರು ಬೀದರಿನ ಕೋಣೆಯಲ್ಲಿತ್ತು, ಕೋಣೆಯ ಕೀಲಿ ಪ್ರಮಿಲಾಳ ಸೊಂಟದಲ್ಲಿತ್ತು. ಉಳಿದದ್ದು ಒಂದೇ ದಾರಿ. ಓಣಿ ಹಸಿರಾಗಲು ಅರ್ಧಕ್ಕಿಂತ ಹೆಚ್ಚು ಮನೆಯವರು ಈಗಿಂದೀಗಲೇ ಒಂದು ಒತ್ತಬೇಕು.

"ದೊಡ್ಡವ್ವಾ, ಪಂಢರಿ ಅಣ್ಣಗ ಫೋನ್ ಹಚ್ಚು."

ದೊಡ್ಡವ್ವ ಸೂಜಿಯನ್ನು ಕೌದಿಗೆ ಚುಚ್ಚಿ ಫೋನು ಹಚ್ಚಿದಳು. ಆ ಫೋನಿನ ದನಿ ಕಿವಿಗೆ ಹಿಡಿಯದಿದ್ದರೂ ಓಣಿಗೆಲ್ಲ ಕೇಳುವಂಥದು.

"ಪಂಢರೀ, ಮಂಡಳಿ ಮೆಸೇಜಿಗಿ ಒಂದ ಒತ್ತು."

"ಅವ್ವಾ? ಹ್ಯಾಂಗ ಒತ್ತಲಿ? ನೀವು ಮನೆಯಲ್ಲಿದ್ದೀರಾ ಅಂತ ಕೇಳ್ಯಾರ. ನಾ ಇಲ್ಲಿ ಅದೇನಿ."

"ಅದು ಗೊತ್ತದೋ. ಒಂದ ಒತ್ತು."

"ಸುಳ್ಳ ಹೇಳಂತೀ? ಕೊರಳಾಗ ತುಳಸಿ ಮಾಲಿ ಅದ ಅವ್ವಾ. ಬ್ಯಾರೆ ಕಂಪನೀದವರು ಕೇಳಿದ್ರ ನೋಡತಿದ್ದೆ. ಭಜನಿ ಮಂಡಳೀದವರಿಗಿ ಹ್ಯಾಂಗ ಸುಳ್ಳ ಹೇಳಲಿ? ನಮ್ಮ ಓಣಿಯವರೆಲ್ಲಾ ಕೂತು ವಿಚಾರ ಮಾಡೇ ಎರಡ ಒತ್ತೇವಿ."

ಪ್ರಮಿಲಾ ತಲೆಯ ಮೇಲೆ ಕೈ ಹೊತ್ತು ಕೂತಳು. ಮಂದಿ ಸುಳ್ಳು ಒತ್ತಿದರೆ ಹಿಡಿಯುವುದು ಹೇಗೆ ಎಂದು ಅವಳು ಎಷ್ಟೋ ಸಾಲು ಬರೆದಿದ್ದಳು. ಖರೇ ಒತ್ತುವವರಿಗಾಗಿ ಒಂದು ಸಾಲನ್ನೂ ಬರೆದಿರಲಿಲ್ಲ. ಅತ್ತ ಅಮೀರ ಪಾಶಾ ಚಹಾದ ಬಸಿಯನ್ನು ಊದುತ್ತಿದ್ದ.

ದೊಡ್ಡವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಈಗ ಅವಳ ದನಿ ಬೀಸುಕಲ್ಲಿನ ಮುಂದಿನ ದನಿಯಾಗಿತ್ತು.

"ಪಂಢರೀ, ನಿನ್ನ ಹಾಸಗಿ ಎಲ್ಲಿ ಅದ?"

"ಊರಾಗ."

"ನಿನ್ನ ತಾಳ ಎಲ್ಲಿ ಅದಾವ?"

"ಅಲ್ಲೇ, ಗೂಟಕ್ಕ."

"ನಿನ್ನ ವಿಠ್ಠಲ?"

"ಜಗಲಿ ಮ್ಯಾಲ."

"ನಿಮ್ಮವ್ವ?"

ಆ ಕಡೆ ಕಲ್ಲು ಕುಟ್ಟುವ ಸದ್ದು.

"ಮತ್ತ ಅಲ್ಲಿ ನಿಂದೇನದೋ? ಬರೇ ಮೈ. ಮೈ ಒಂದು ಕೆಲಸಕ್ಕ ಹೋದ್ರ ನೀ ಮನ್ಯಾಗಿಲ್ಲ ಅಂತ ಯಾವ ಶಾಸ್ತ್ರದಾಗ ಹೇಳ್ಯಾರ?"

ಪಂಢರಿ ಮೂಗು ಏರಿಸಿದ ಸದ್ದು ಕೇಳಿತು. "ಒತ್ತಿದೆ ಅವ್ವಾ" ಎಂದ. ಆಮೇಲೆ, "ಮೊಣಕಾಲ ನೋವು ಹ್ಯಾಂಗ ಅದ ನಿಂದು?" ಎಂದ.

ಮುಂದಿನದು ಶಾಲುಬಾಯಿಯ ಸರದಿ. ಅವಳ ಗಂಡ ಮಚ್ಛೇಂದ್ರನಿಗೂ ಮಾಲೆಯಿತ್ತು. ಶಾಲುಬಾಯಿ ಶಾಸ್ತ್ರಕ್ಕೆ ಹೋಗಲಿಲ್ಲ.

"ಒಂದ ಒತ್ತತೀರೋ, ಇಲ್ಲಾ ಗಂಟ ತಗೊಂಡು ನಾನೇ ಅಲ್ಲಿಗಿ ಬರಲೋ?"

"ಒತ್ತಿದೆ, ಒತ್ತಿದೆ!" ಎಂದಿತು ಫೋನು.

ಕಾವೇರಿಬಾಯಿ ಫೋನು ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಒಂದು ಒತ್ತಲು ಎಷ್ಟು ಮಾತು ಬೇಕೋ ಅದರ ಹತ್ತುಪಟ್ಟು ಮಾತಾಡಿದಳು. ನಡುವೆ ನಕ್ಕಳು. ಹಿಂದೆ ನಿಂತವರು "ಸಾಕ ಬಿಡು, ನಮ್ಮವ್ರೂ ಅದಾರ" ಎಂದು ಸೆರಗು ಜಗ್ಗಿದರು. ಫೋನು ಕೈಯಿಂದ ಕೈಗೆ ಹೋಯಿತು. ನೀರಿನ ಕೊಡಗಳ ಸಾಲಿನ ಪಕ್ಕದಲ್ಲೇ ಫೋನಿನದೊಂದು ಸಾಲು ಹುಟ್ಟಿಕೊಂಡಿತು.

"ಮೇಡಂ!" ಅಮೀರ ಪಾಶಾ ಫೋನನ್ನು ಮೇಲಕ್ಕೆತ್ತಿದ. "ಹಸರ!"

ಪೈಪು ಬಿಚ್ಚಿದ್ದೇ ತಡ, ನೀರು ಮೊದಲ ಕೊಡದ ತಳಕ್ಕೆ ಬಿದ್ದು ಗುಡುಗಿದಂತೆ ಸದ್ದು ಮಾಡಿತು. ಕಾವೇರಿಬಾಯಿ ಮಾತ್ರ ಫೋನಿನ ಸಾಲಿನಲ್ಲಿ ಎರಡನೆಯ ಸಲ ನಿಂತಿದ್ದರಿಂದ ಅವಳ ಕೊಡವನ್ನು ಬೇರೆಯವರು ತುಂಬಬೇಕಾಯಿತು. ಶಾಲುಬಾಯಿ ಮನೆಗೆ ಹೋಗಿ ಗಂಟು ಬಿಚ್ಚಿ, ಅದರೊಳಗಿದ್ದ ತಂಬಿಗೆಯನ್ನೂ ತಂದು ತುಂಬಿಸಿಕೊಂಡಳು.

ಓಣಿ ತಣ್ಣಗಾದ ಮೇಲೆ ಪ್ರಮಿಲಾ ದೊಡ್ಡವ್ವನ ಪಕ್ಕ ಕೂತು ಎಮ್ಮೆಯ ಗಣಿತದ ಕಥೆಯನ್ನೂ ಹೇಳಿದಳು. ಅವಳ ಮನಸ್ಸಿನಲ್ಲಿ ಹೊಸ ಸಾಲುಗಳು ಆಗಲೇ ಓಡುತ್ತಿದ್ದವು.

"ದೊಡ್ಡವ್ವಾ, ಇವತ್ತೇ ಹೋಗಿ ಬರಾಬರ್ ಮಾಡತೇನಿ. ಆ ಗಂಡಸರ ನಂಬರೆಲ್ಲಾ ತೆಗೀತೇನಿ. ಓಣಿಗೆಲ್ಲಾ ನಿಂದೊಂದೇ ನಂಬರ ಹಾಕತೇನಿ. ಮೆಸೇಜ್ ಸೀದಾ ನಿನಗ ಬರ್ತದ, ನೀ ಒಂದ ಒತ್ತಿದ್ರ ಮುಗೀತು. ಯಾರಿಗೂ ಫೋನ್ ಮಾಡಿ ಅಂಗಲಾಚೋದ ಬ್ಯಾಡ. ನಿನ್ನ ನಂಬರ ನನ್ನ ಹತ್ರ ಅದ, ನೀ ಹೂಂ ಅನ್ನು."

ದೊಡ್ಡವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಪಂಢರಿ ಉಗಾದಿಗಿ ಮಾತಾಡಿದಾಂವ ಇವತ್ತ ಮಾತಾಡ್ಯಾನ" ಎಂದಳು. "ಮುಂದಿನ ಪಾಳಿಗಿ ತಾನೇ ಫೋನ್ ಹಚ್ತೇನಿ ಅಂದಾನ, ನೀರ ಬಿಟ್ರೋ ಇಲ್ಲೋ ಕೇಳ್ಲಾಕ."

"ಖರೇ ದೊಡ್ಡವ್ವಾ, ಆದ್ರ ಒಂದ್ ಪಾಳಿ ಯಾರರೆ ಒತ್ತೋದು ಮರತರ?"

"ಮರತರ ಈ ಶಾಲುಬಾಯಿ ಅದಾಳ." ದಾರ ಪೋಣಿಸಿ ಗಂಟು ಹಾಕಿ, ಹಲ್ಲಿನಿಂದ ಕಡಿದಳು. "ನೀ ಬೇಕಾದ್ರ ಆ ರೊಟ್ಟಿ ತಿನಬ್ಯಾಡ ಅನ್ನೋದು ತೆಗಿ. ಎಮ್ಮೀಗಿ ಗಣಿತ ಬಿಡಿಸು. ನಂಬರ ಮುಟ್ಟಬ್ಯಾಡ."

"ದೊಡ್ಡವ್ವಾ, ನಿನ್ನ ನಂಬರ ಒಂದರೆ ಹಾಕತೇನಿ."

"ಹಾಕಂಗಿಲ್ಲ."